ಮೂವತ್ತು ಸೆಕೆಂಡಿನ ರೈಡು, ಮೂವತ್ತು ಪುಟದ ಕತೆ

ಕಬಡ್ಡಿಯನ್ನೇ ವಸ್ತುವಾಗಿಟ್ಟುಕೊಂಡು ಜಪಾನಿನಲ್ಲಿ ಒಂದು ಮಾಂಗಾ (ಚಿತ್ರಕತೆ) ಬಂದಿದೆ ಎಂದರೆ ಚನ್ನಪಟ್ಟಣ, ಕನಕಪುರದ ಕಡೆಯ ಆಟಗಾರರು ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಕೇಳುವುದು ಒಂದೇ ಮಾತು: ‘ಆಟಾನ ಸರ್ಯಾಗ್ ತೋರ್ಸವ್ರಾ?’ ಹಾಜಿಮೆ ಮುಸಾಶಿನೊ 2015ರಲ್ಲಿ ಶುರುಮಾಡಿದ ‘ಶಾಕುನೆತ್ಸು ಕಬಡ್ಡಿ’ 2021ರಲ್ಲಿ ಹನ್ನೆರಡು ಕಂತಿನ ಅನಿಮೆಯೂ ಆಯಿತು. ಬಿಡದಿಯಲ್ಲಿ ಟೊಯೊಟಾ ಕಾರು ತಯಾರಾಗತೊಡಗಿ ಕಾಲು ಶತಮಾನ ಕಳೆದಿದೆ, ಜಪಾನೀಯರನ್ನು ಕಂಡು ಬೆರಗಾಗುವ ಕಾಲ ಈ ಸೀಮೆಯಲ್ಲಿ ಮುಗಿದಿದೆ. ಆದರೆ ಮಾಂಗಾ ಇಲ್ಲಿಗೆ ಬಂದದ್ದು ಕಾರಿನ ಜೊತೆಗಲ್ಲ, ಹುಡುಗರ ಮೊಬೈಲಿನೊಳಗೆ.

ಆಟಗಾರರ ಆ ಪ್ರಶ್ನೆ ಸಣ್ಣದಲ್ಲ. ಆಟದ ಕತೆ ಎಷ್ಟು ನಿಜವಾಗಿರಬೇಕು? ಜಪಾನಿನ ಚಿತ್ರಕತೆಗಾರರು ಎಪ್ಪತ್ತು ವರ್ಷಗಳಿಂದ ಇದಕ್ಕೆ ಬೇರೆಬೇರೆ ಉತ್ತರ ಕೊಡುತ್ತ ಬಂದಿದ್ದಾರೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಒಪ್ಪಿಗೆಯಾಗಿಲ್ಲ.

ನಮ್ಮ ಊರುಗಳ ಹೊನಲು ಬೆಳಕಿನ ಪಂದ್ಯಾವಳಿಯನ್ನು ನೋಡಿದವರಿಗೆ ಈ ಜಗಳದ ಎರಡೂ ಪಕ್ಷ ಗೊತ್ತಿರುತ್ತದೆ. ಅಂಕಣದ ಒಂದು ಬದಿಗೆ ಮೈಕು ಹಿಡಿದವನು. ರೈಡರ್ ಗೆರೆ ದಾಟುವ ಮೊದಲೇ ಅವನ ಬಾಯಲ್ಲಿ ಹುಲಿ, ಸಿಡಿಲು, ಮದಗಜ ಎಲ್ಲ ಬಂದು ಹೋಗಿರುತ್ತವೆ. ಸೋಲುತ್ತಿರುವ ತಂಡದ ಹುಡುಗ ಬರಿಗೈಲಿ ವಾಪಸು ಬಂದರೂ ‘ಎದುರಾಳಿ ಕೋಟೆಯನ್ನು ನಡುಗಿಸಿ ಬಂದ’ ಎಂದೇ ಹೇಳುತ್ತಾನೆ. ಇನ್ನೊಂದು ಬದಿಗೆ ಮಡಚುವ ಮೇಜಿನ ಮುಂದೆ ಸ್ಕೋರ್ ಶೀಟು ಬರೆಯುವವನು. ಅವನಿಗೆ ಹುಲಿಯೂ ಇಲ್ಲ, ಸಿಡಿಲೂ ಇಲ್ಲ: ಟಚ್ ಆಯಿತೋ ಇಲ್ಲವೋ, ಬೋನಸ್ ಗೆರೆ ದಾಟಿದಾಗ ಹಿಂದಿನ ಕಾಲು ಎತ್ತಿತ್ತೋ ಇಲ್ಲವೋ, ಅಷ್ಟೇ. ಜನ ಇಬ್ಬರನ್ನೂ ನಂಬುತ್ತಾರೆ. ಮೈಕಿನವನು ಏನು ಬೇಕಾದರೂ ಅನ್ನಲಿ, ಯಾರೂ ತಕರಾರು ತೆಗೆಯುವುದಿಲ್ಲ. ಶೀಟಿನಲ್ಲಿ ಒಂದು ಅಂಕ ಆಚೀಚೆಯಾದರೆ ಇಡೀ ಊರು ಅಂಕಣಕ್ಕೆ ಇಳಿಯುತ್ತದೆ. ಕ್ರೀಡಾ ಮಾಂಗಾದ ಇತಿಹಾಸವನ್ನು ಓದುವಾಗ ನನಗೆ ಒಳ್ಳೆಯ ಕತೆ, ಕೆಟ್ಟ ಕತೆ ಬೇರೆಯಾಗುವುದು ಇಲ್ಲಿಯೇ. ಉತ್ಪ್ರೇಕ್ಷೆ ಮೈಕಿನ ಕಡೆಗಿದ್ದರೆ ಸೈ, ಸ್ಕೋರ್ ಶೀಟಿಗೆ ಕೈ ಹಾಕಿದರೆ ಕತೆ ಕೆಟ್ಟಿತು.

ಇದು ನಮಗೆ ಹೊಸ ವಿಚಾರವೂ ಅಲ್ಲ. ಮಹಾಭಾರತದ ಗದಾಯುದ್ಧದಲ್ಲಿ ಭೀಮನಿಗೆ ಎಷ್ಟು ಆನೆಬಲ ಎಂದು ಯಾರೂ ಲೆಕ್ಕ ಕೇಳಲಿಲ್ಲ. ಆದರೆ ಹೊಕ್ಕುಳ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದು ತೊಡೆಗೆ ಹೊಡೆದಾಗ ಇಬ್ಬರಿಗೂ ಗುರುವಾದ ಬಲರಾಮ ಸಿಟ್ಟಿಗೇಳುತ್ತಾನೆ. ಹತ್ತನೆಯ ಶತಮಾನದ ಕೊನೆಗೆ ರನ್ನ ಇದನ್ನೇ ಕಾವ್ಯದ ನಡುಮಧ್ಯಕ್ಕೆ ತಂದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಮಲ್ಲವಿನೋದದ ಭಾಗವಂತೂ ಪೂರ್ತಿ ಶೀಟು ಬರೆಯುವವನ ಕಣ್ಣಿನದು: ಮಲ್ಲರ ವಯಸ್ಸು, ಮೈಕಟ್ಟು, ಸಾಮು, ಅವರಿಗೆ ಅರಸ ಒದಗಿಸಬೇಕಾದ ಬೇಳೆ, ಮಾಂಸ, ಹಾಲು, ಸಿಹಿ. ರಾಮನಗರದ ಜಾನಪದ ಲೋಕದಲ್ಲಿರುವ ತೊಗಲು ಗೊಂಬೆಗಳ ಮುಂದೆ ನಿಂತರೆ ಮೈಕಿನವನ ಕಡೆಯದು ಕಾಣುತ್ತದೆ. ಅಲ್ಲಿ ಗೊಂಬೆಯ ಅಳತೆ ಪಾತ್ರದ ಘನತೆಗೆ ತಕ್ಕಂತೆ, ಮೈಯ ಲೆಕ್ಕಕ್ಕಲ್ಲ.

ಜಪಾನಿನ ಕತೆ ಶುರುವಾಗುವುದು ನಿಷೇಧದಿಂದ. ಎರಡನೆಯ ಮಹಾಯುದ್ಧದಲ್ಲಿ ಸೋತ ದೇಶದ ಶಾಲೆಗಳಲ್ಲಿ ಅಮೆರಿಕನ್ ಆಡಳಿತ ಜೂಡೊ ಮೊದಲಾದ ಸಮರ ವಿದ್ಯೆಗಳನ್ನು ನಿಲ್ಲಿಸಿತ್ತು. 1950ರಲ್ಲಿ ಜೂಡೊ ಶಾಲೆಗಳಿಗೆ ಮರಳಿತು, 1952ರಲ್ಲಿ ಎಇಚಿ ಫುಕುಯಿ ಎಂಬಾತ ‘ಇಗಾಗುರಿ-ಕುನ್’ ಎಂಬ ಜೂಡೊ ಹುಡುಗನ ಚಿತ್ರಕತೆ ಆರಂಭಿಸಿದ. ಮಕ್ಕಳು ಮುಗಿಬಿದ್ದರು. ಫುಕುಯಿ ಎರಡೇ ವರ್ಷದಲ್ಲಿ, 33ರ ಹರೆಯದಲ್ಲಿ ತೀರಿಕೊಂಡ. ಅವನು ತೆರೆದ ದಾರಿಯಲ್ಲಿ ಹದಿನಾಲ್ಕು ವರ್ಷಗಳ ನಂತರ ಇಕ್ಕಿ ಕಾಜಿವಾರಾ ಬಂದ, ಅಲ್ಲಿಂದ ಕ್ರೀಡಾ ಮಾಂಗಾ ಎಂದರೆ ಬೆವರು, ಕಣ್ಣೀರು, ಹಲ್ಲು ಕಚ್ಚಿ ಹಿಡಿದ ಛಲ ಎಂದಾಯಿತು.

ಕಾಜಿವಾರಾ ಬರೆದು ನೊಬೊರು ಕವಾಸಾಕಿ ಚಿತ್ರಿಸಿದ ‘ಕ್ಯೋಜಿನ್ ನೊ ಹೋಶಿ’ 1966ರಿಂದ 1971ರ ತನಕ ನಡೆಯಿತು. ಬೇಸ್‌ಬಾಲ್ ಕತೆ. ಯುದ್ಧದಲ್ಲಿ ಭುಜ ಕೆಟ್ಟು ಆಟ ಬಿಟ್ಟ ತಂದೆ, ಮಗನ ಎದೆಗೆ ತೋಳಿಗೆ ಸ್ಪ್ರಿಂಗುಗಳ ಕವಚ ಬಿಗಿದು ಬೆಳೆಸುತ್ತಾನೆ. ಮಗ ದೊಡ್ಡವನಾಗಿ ‘ಮಾಯವಾಗುವ ಚೆಂಡು’ ಎಸೆಯುತ್ತಾನೆ. ಬ್ಯಾಟಿನ ಹತ್ತಿರ ಬಂದ ಚೆಂಡು ಕಣ್ಣಿಗೆ ಕಾಣದು! ಅದಕ್ಕೆ ಕಾರಣವನ್ನೂ ಕೊಡುತ್ತಾರೆ, ನೆಲದ ಧೂಳು, ಚೆಂಡಿನ ಸುತ್ತು ಇತ್ಯಾದಿ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಒಪ್ಪುವ ಕಾರಣವಲ್ಲ. ಟಿವಿಗೆ ಬಂದಾಗ ಒಂದು ಎಸೆತಕ್ಕೆ ಇಡೀ ಕಂತು ಹಿಡಿಯುತ್ತಿತ್ತು ಎಂಬುದು ಅಲ್ಲಿನ ಹಳೆಯ ಜೋಕು. ಇಷ್ಟಾದರೂ ಆ ಕತೆಯಲ್ಲಿ ಹುಡುಗ ಸೇರುವುದು ನಿಜವಾದ ಯೋಮಿಯುರಿ ಜೈಂಟ್ಸ್ ತಂಡಕ್ಕೆ, ಜೊತೆಗೆ ಆಡುವವರು ಆ ಕಾಲದ ನಿಜವಾದ ತಾರೆಗಳು. ಮತ್ತು ಆ ಅಸಾಧ್ಯ ಎಸೆತಗಳ ಬೆಲೆಯಾಗಿ ಕೊನೆಗೆ ಅವನ ಎಡತೋಳು ನಾಶವಾಗುತ್ತದೆ. ಕಾಜಿವಾರಾನ ಜಾಣತನ ಇರುವುದು ಅಲ್ಲಿ. ಚೆಂಡನ್ನು ಮಾಯ ಮಾಡಿದ, ತೋಳಿನ ನೋವನ್ನು ಮಾಯ ಮಾಡಲಿಲ್ಲ.

ಈ ಕತೆಗೂ ನಮಗೂ ಒಂದು ನಂಟಿದೆ. 2012ರ ಡಿಸೆಂಬರ್‌ನಲ್ಲಿ ಕಲರ್ಸ್ ವಾಹಿನಿ ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂಬ ಅನಿಮೆ ಧಾರಾವಾಹಿ ತೋರಿಸಿತು. ‘ಕ್ಯೋಜಿನ್ ನೊ ಹೋಶಿ’ಯನ್ನೇ ಮುಂಬಯಿಗೆ ತಂದು, ಬೇಸ್‌ಬಾಲಿನ ಜಾಗದಲ್ಲಿ ಕ್ರಿಕೆಟ್ ಇಟ್ಟಿದ್ದರು. ಜಪಾನಿನ ಟಿಎಂಎಸ್ ಮತ್ತು ಹೈದರಾಬಾದಿನ ಡಿಕ್ಯೂ ಎಂಟರ್‌ಟೈನ್‌ಮೆಂಟ್ ಕೂಡಿ ಮಾಡಿದ್ದು. ಮುಂದೆ ‘ಶಾಕುನೆತ್ಸು ಕಬಡ್ಡಿ’ಗೆ ಕೈ ಹಾಕಿದ್ದೂ ಇದೇ ಟಿಎಂಎಸ್. ಮಗುವಿಗೆ ಸ್ಪ್ರಿಂಗಿನ ಕವಚ ಹಾಕಿದರೆ ಹಿಂಸೆಯಂತೆ ಕಾಣುತ್ತದೆಂದು ಇಲ್ಲಿ ಸೈಕಲ್ ಟ್ಯೂಬು ಕಟ್ಟಿದರು. ನನಗೆ ಈ ಬದಲಾವಣೆ ಮೂಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಸ್ಪ್ರಿಂಗಿನ ಕವಚ ಯಾವ ಊರಿನ ಅಂಗಡಿಯಲ್ಲೂ ಸಿಗದು, ಹಳೆಯ ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ಬಡವರ ಮನೆಯ ಹುಡುಗರು ಅದನ್ನು ಮರಕ್ಕೆ ಕಟ್ಟಿ ಎಳೆದು ತೋಳು ಬಲಪಡಿಸಿಕೊಂಡದ್ದೂ ಉಂಟು. ಭೌತಶಾಸ್ತ್ರ ಎಡವಿದ ಕತೆಯಲ್ಲೂ ಬಡತನದ ವಿವರ ನಿಜವಾಗಿತ್ತು.

ಕಾಜಿವಾರಾ ಬೇರೆ ಹೆಸರಿನಲ್ಲಿ ಬರೆದು, ತೆತ್ಸುಯಾ ಚಿಬಾ ಚಿತ್ರಿಸಿದ ಬಾಕ್ಸಿಂಗ್ ಕತೆ ‘ಅಶಿತಾ ನೊ ಜೋ’ (1968–73) ಇದಕ್ಕಿಂತ ಮೇಲಿನದು. ಇದರಲ್ಲೊಂದು ಸ್ವಾರಸ್ಯವಿದೆ. ನಾಯಕ ಜೋ, ಎದುರಾಳಿ ರಿಕಿಇಶಿ ಬಾಲಾಪರಾಧಿಗಳ ಕೇಂದ್ರದಲ್ಲಿ ಭೇಟಿಯಾಗುವಾಗ ಚಿಬಾ ರಿಕಿಇಶಿಯನ್ನು ತುಂಬ ದೊಡ್ಡ ಆಳಾಗಿ ಬರೆದುಬಿಟ್ಟ. ಮುಂದೆ ಇಬ್ಬರನ್ನೂ ವೃತ್ತಿಪರ ರಿಂಗಿನಲ್ಲಿ ಎದುರುಬದುರು ನಿಲ್ಲಿಸಬೇಕು. ಬಾಕ್ಸಿಂಗಿನಲ್ಲಿ ತೂಕದ ವರ್ಗ ಬಿಟ್ಟು ಆಡುವಂತಿಲ್ಲ. ಕತೆಗಾರ ನಿಯಮವನ್ನು ಬಗ್ಗಿಸಲಿಲ್ಲ, ರಿಕಿಇಶಿಯನ್ನು ಬಗ್ಗಿಸಿದ. ಅನ್ನ ಬಿಟ್ಟು, ನೀರು ಬಿಟ್ಟು, ಎಲುಬಿನ ಗೂಡಾಗುವ ತನಕ ಇಳಿದ ರಿಕಿಇಶಿ ಪಂದ್ಯ ಗೆದ್ದು ಸತ್ತುಹೋಗುತ್ತಾನೆ. 1970ರ ಮಾರ್ಚ್ 24ರಂದು ಕವಿ, ನಾಟಕಕಾರ ಶುಜಿ ತೆರಾಯಾಮಾನ ಮುಂದಾಳತ್ವದಲ್ಲಿ ಪ್ರಕಾಶಕರ ಕಟ್ಟಡದಲ್ಲಿ ರಿಕಿಇಶಿಗೆ ಉತ್ತರಕ್ರಿಯೆ ನಡೆಯಿತು. ಸುಮಾರು 700 ಜನ ಬಂದಿದ್ದರು, ಕಾಗದದ ಮೇಲಿನ ಒಬ್ಬ ಬಾಕ್ಸರಿಗೆ!

ನಮ್ಮಲ್ಲಿ ತೂಕದ ಮಿತಿ ಹಾಕಿದ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. 55 ಕಿಲೋ, 60 ಕಿಲೋ ಎಂದು ಬ್ಯಾನರಿನಲ್ಲೇ ಬರೆದಿರುತ್ತಾರೆ. ಎರಡು ಕಿಲೋ ಹೆಚ್ಚಿದ್ದವನು ಹಿಂದಿನ ದಿನ ಮುದ್ದೆ ಬಿಟ್ಟು, ಬಿಸಿಲಲ್ಲಿ ಸ್ವೆಟರ್ ಹಾಕಿ ಓಡಿ, ತಕ್ಕಡಿ ಹತ್ತುವ ಮೊದಲು ಉಗುಳು ಕೂಡ ಉಗುಳಿ ಬರುತ್ತಾನೆ. ಇಂಥ ಹುಡುಗನಿಗೆ ಕಾಜಿವಾರಾನ ಮಾಯದ ಚೆಂಡಿಗಿಂತ ರಿಕಿಇಶಿಯ ಒಣಗಿದ ತುಟಿ ಬೇಗ ಅರ್ಥವಾದೀತು.

ಎಪ್ಪತ್ತರ ದಶಕದಲ್ಲಿ ಸ್ವಲ್ಪ ಗಾಳಿ ತಣ್ಣಗಾಯಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮಹಿಳಾ ವಾಲಿಬಾಲ್ ತಂಡದ ಅಲೆಯ ಮೇಲೆ 1968ರಲ್ಲಿ ಬಂದ ಚಿಕಾಕೊ ಉರಾನೊಳ ‘ಅಟ್ಯಾಕ್ ನಂ. 1’ ಹುಡುಗಿಯರನ್ನು ಈ ಕತೆಗಳಿಗೆ ಎಳೆದಿತ್ತು. ತೆತ್ಸುಯಾ ಚಿಬಾನ ತಮ್ಮ ಅಕಿಯೊ ಚಿಬಾ ‘ಕ್ಯಾಪ್ಟನ್’ನಲ್ಲಿ ಮಾಯಮಂತ್ರವನ್ನೆಲ್ಲ ಬಿಟ್ಟು ಬರಿಯ ಅಭ್ಯಾಸವನ್ನು ಬರೆದ. ಶಿಂಜಿ ಮಿಜುಶಿಮಾನ ‘ದೊಕಾಬೆನ್’ (1972–81) ಬೇಸ್‌ಬಾಲಿನ ನಿಯಮ ಪುಸ್ತಕವನ್ನೇ ಅರೆದು ಕುಡಿದವನ ಕೆಲಸ. ಕ್ಷೇತ್ರರಕ್ಷಕರು ಮೂರನೆಯ ಔಟ್ ಪಡೆದ ಖುಷಿಯಲ್ಲಿ, ಇನ್ನೊಬ್ಬ ಓಟಗಾರನ ಮೇಲೆ ಮನವಿ ಸಲ್ಲಿಸದೆ ಮೈದಾನ ಬಿಟ್ಟರೆ, ಅದಕ್ಕೆ ಮೊದಲೇ ಅವನು ದಾಟಿಸಿದ ಓಟ ಲೆಕ್ಕಕ್ಕೆ ಸೇರುತ್ತದೆ ಎಂಬ ಮೂಲೆಯ ನಿಯಮವೊಂದರ ಮೇಲೆ ಅವನು ಒಂದು ಪಂದ್ಯ ಕಟ್ಟಿದ. 2012ರ ಆಗಸ್ಟ್‌ನಲ್ಲಿ ಜಪಾನಿನ ಹೈಸ್ಕೂಲ್ ಚಾಂಪಿಯನ್‌ಷಿಪ್ ನಡೆಯುವ ಕೋಶಿಯೆನ್ ಮೈದಾನದಲ್ಲಿ ಸೇಸೇಕೊ ಶಾಲೆಯ ತಂಡ ಇದೇ ರೀತಿ ಒಂದು ಓಟ ಗಳಿಸಿತು. ಆ ಓಟ ತಂದ ಹುಡುಗ ಈ ನಿಯಮವನ್ನು ಕಲಿತದ್ದು ಚಿಕ್ಕಂದಿನಲ್ಲಿ ಓದಿದ ‘ದೊಕಾಬೆನ್’ನಿಂದ. ವಾಸ್ತವ ಎಂದರೆ ಏನು ಎಂದು ಕೇಳಿದವರಿಗೆ ನಾನು ತೋರಿಸುವುದು ಈ ಒಂದು ಓಟವನ್ನು.

‘ದೊಕಾಬೆನ್’ ಮುಗಿಯುವಷ್ಟರಲ್ಲಿ ‘ಕ್ಯಾಪ್ಟನ್ ತ್ಸುಬಾಸಾ’ (1981) ಬಂದು ಗಣಿತವನ್ನೆಲ್ಲ ತಲೆಕೆಳಗು ಮಾಡಿತ್ತು. ಯೋಇಚಿ ತಕಾಹಾಶಿಯ ಈ ಫುಟ್‌ಬಾಲ್ ಕತೆಯಲ್ಲಿ ಮೈದಾನ ಎಷ್ಟು ಉದ್ದವೆಂದರೆ ಓಡುವ ಹುಡುಗ ಇಡೀ ಬಾಲ್ಯ ನೆನೆಸಿಕೊಂಡರೂ ಗೋಲು ಕಂಬ ಹತ್ತಿರ ಬರುವುದಿಲ್ಲ. ಅವಳಿ ಹುಡುಗರು ಒಬ್ಬರ ಕಾಲ ಮೇಲೊಬ್ಬರು ಚಿಮ್ಮಿ ಗಾಳಿಯಲ್ಲಿ ಹಾರಿ ಹೆಡ್ ಮಾಡುತ್ತಾರೆ. ಆಗ ಜಪಾನಿನಲ್ಲಿ ವೃತ್ತಿಪರ ಲೀಗೇ ಇರಲಿಲ್ಲ. 1993ರಲ್ಲಿ ಜೆ ಲೀಗ್ ಆರಂಭವಾಯಿತು, 1998ರಲ್ಲಿ ಆ ದೇಶ ಮೊದಲ ಸಲ ವಿಶ್ವಕಪ್ ಆಡಿತು, ಸ್ಪೇನಿನ ಫರ್ನಾಂಡೊ ಟೊರೆಸ್‌ನಂಥ ಆಟಗಾರರೂ ತಾವು ಈ ಕತೆ ನೋಡಿ ಬೆಳೆದವರೆಂದರು. ಹಾಗಾದರೆ ಸುಳ್ಳು ಕತೆ ನಿಜವಾದ ಆಟವನ್ನು ಹುಟ್ಟಿಸಿತೇ? ಅಷ್ಟು ಸಲೀಸಾಗಿ ಹೇಳಲಾಗದು, ಲೀಗು ಕಟ್ಟಿದ್ದು ದುಡ್ಡು ಮತ್ತು ಸಂಘಟನೆ. ಆದರೂ ಒಂದು ಮಾತು ನಿಜ: ತ್ಸುಬಾಸಾ ತನ್ನ ಓದುಗರಿಗೆ ನಿಯಮದಲ್ಲಿ ಮೋಸ ಮಾಡಲಿಲ್ಲ. ಒದೆತ ಎಷ್ಟೇ ವಿಚಿತ್ರವಿರಲಿ, ಚೆಂಡು ಬಲೆಯೊಳಗೆ ಬಿದ್ದರೆ ಮಾತ್ರ ಗೋಲು.

ತಕೆಹಿಕೊ ಇನೊಉಎಯ ‘ಸ್ಲ್ಯಾಮ್ ಡಂಕ್’ (1990–96) ಈ ಪರಂಪರೆಯ ಶಿಖರ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಬ್ಯಾಸ್ಕೆಟ್‌ಬಾಲ್ ಗೊತ್ತೇ ಇಲ್ಲದ ಒರಟ ಹುಡುಗ ನಾಲ್ಕೇ ತಿಂಗಳಲ್ಲಿ ರಾಷ್ಟ್ರೀಯ ಟೂರ್ನಿ ಆಡುವುದು ಉತ್ಪ್ರೇಕ್ಷೆಯೇ. ಆದರೆ ಇನೊಉಎ ಅವನಿಗೆ ಕಲಿಸುವುದು ಹಾರಾಟವನ್ನಲ್ಲ, ಚೆಂಡು ಪುಟಿಸುವ ಬೇಸರದ ಅಭ್ಯಾಸವನ್ನು, ಬೋರ್ಡಿಗೆ ತಗುಲಿ ಹಿಂದೆ ಬರುವ ಚೆಂಡಿಗೆ ಎಲ್ಲಿ ನಿಲ್ಲಬೇಕು ಎಂಬುದನ್ನು. ಕೊನೆಯ ದೊಡ್ಡ ಪಂದ್ಯವನ್ನು ಅವನ ಶೋಹೊಕು ತಂಡ 79–78ರಿಂದ ಗೆಲ್ಲುತ್ತದೆ, ಅಂತಿಮ ಕ್ಷಣಗಳಲ್ಲಿ ಪುಟಗಳ ಮೇಲೆ ಮಾತೇ ಇಲ್ಲ. ಮುಂದಿನ ಪಂದ್ಯದಲ್ಲಿ ಅದೇ ತಂಡ ಹೀನಾಯವಾಗಿ ಸೋಲುತ್ತದೆ, ಅದನ್ನು ಲೇಖಕ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಮೈಯೆಲ್ಲ ಹಿಂಡಿ ಒಂದು ಪಂದ್ಯ ಗೆದ್ದವರಿಗೆ ಮರುದಿನ ಕಾಲೇ ಏಳುವುದಿಲ್ಲ. ಮೊದಲ ದಿನ ರಾತ್ರಿ ಎರಡು ಗಂಟೆಗೆ ಸೆಮಿಫೈನಲ್ ಗೆದ್ದು ಬೆಳಗಿನ ಜಾವ ಫೈನಲ್ ಸೋತ ಹಳ್ಳಿ ತಂಡಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. 1999ರ ‘ಟೆನಿಸ್ ನೊ ಓಜಿಸಾಮಾ’ ಮೈಕಿನವನ ಕೈಗೇ ಸ್ಕೋರ್ ಶೀಟನ್ನೂ ಕೊಟ್ಟುಬಿಟ್ಟಿತು, ಅಲ್ಲಿ ಟೆನಿಸ್ ನೆಪಕ್ಕೆ ಉಳಿಯಿತು. ಅದಕ್ಕೆ ಎದುರಾಗಿ 2003ರಲ್ಲಿ ಆಸಾ ಹಿಗುಚಿಯ ‘ಓಕಿಕು ಫುರಿಕಾಬುತ್ತೆ’ ಒಂದೊಂದು ಎಸೆತದ ಹಿಂದಿನ ಅಂಜಿಕೆಯನ್ನೂ ಲೆಕ್ಕ ಹಾಕಿತು. ಹರುಇಚಿ ಫುರುದಾತೆಯ ವಾಲಿಬಾಲ್ ಕತೆ ‘ಹೈಕ್ಯೂ!!’ (2012–20) ತನ್ನ ನಾಯಕನನ್ನು ರಾಷ್ಟ್ರೀಯ ಟೂರ್ನಿಯ ನಡುವೆ ಜ್ವರ ಬರಿಸಿ ಹೊರಗೆ ಕೂರಿಸುತ್ತದೆ, ತಂಡ ಸೋಲುತ್ತದೆ. 1989ರಿಂದ ನಡೆಯುತ್ತಿರುವ ಬಾಕ್ಸಿಂಗ್ ಕತೆ ‘ಹಜಿಮೆ ನೊ ಇಪ್ಪೊ’ದ ಲೇಖಕ ಜಾರ್ಜ್ ಮೊರಿಕಾವಾ ಸ್ವತಃ ಬಾಕ್ಸಿಂಗ್ ಜಿಮ್ ನಡೆಸುವವನು. ಏಟು ತಿಂದು ತಿಂದು ಮೆದುಳಿಗೆ ಕುತ್ತು ಬಂದೀತೆಂದು ಅವನು ತನ್ನ ಜನಪ್ರಿಯ ನಾಯಕನನ್ನೇ ಕತೆಯ ನಡುವೆ ನಿವೃತ್ತಿ ಮಾಡಿಸಿದ. ಓದುಗರು ಗೊಣಗಿದರು. ಗರಡಿಯ ಉಸ್ತಾದರನ್ನು ಕೇಳಿದ್ದರೆ ಸರಿ ಎನ್ನುತ್ತಿದ್ದರು.

ಈಗ ಕಬಡ್ಡಿಗೆ ಬರೋಣ. ‘ಶಾಕುನೆತ್ಸು ಕಬಡ್ಡಿ’ಯ ಹುಡುಗ ಯೋಇಗೋಶಿ ಒಂದು ಕಾಲದ ಫುಟ್‌ಬಾಲ್ ತಾರೆ, ಆಟವೆಂದರೇ ಬೇಸತ್ತು ಕುಳಿತವನು, ಶಾಲೆಯ ಕಬಡ್ಡಿ ತಂಡದ ಕೈಗೆ ಸಿಕ್ಕಿಬೀಳುತ್ತಾನೆ. ಜಪಾನಿನ ಓದುಗನಿಗೆ ಕಬಡ್ಡಿ ತಮಾಷೆಯ ಹೆಸರಿನ ಅಪರಿಚಿತ ಆಟ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಪುರುಷರ ತಂಡ ಕಂಚು ಗೆದ್ದದ್ದು ಅಲ್ಲೂ ಎಷ್ಟೋ ಜನಕ್ಕೆ ತಿಳಿದಿರಲಾರದು. ಆದ್ದರಿಂದ ಲೇಖಕ ಎಲ್ಲವನ್ನೂ ಬುಡದಿಂದ ಹೇಳಬೇಕು. ಏಳು ಜನ, 13 ಮೀಟರ್ ಉದ್ದ 10 ಮೀಟರ್ ಅಗಲದ ಅಂಕಣ, ಮೂವತ್ತು ಸೆಕೆಂಡಿನ ರೈಡು, ಒಂದೇ ದಮ್ಮು. ನಾವು ಹುಟ್ಟಿನಿಂದ ಬಲ್ಲೆವೆಂದು ನೋಡದೆ ಬಿಟ್ಟದ್ದನ್ನು ಹೊರಗಿನವನ ಕಣ್ಣು ಹಿಡಿಯುತ್ತದೆ: ರೈಡರ್ ಎದುರು ಏಳು ಜನ ಇದ್ದಾಗಿನದಕ್ಕಿಂತ ಮೂವರೇ ಉಳಿದಾಗ ಅಂಕಣ ಎಷ್ಟು ವಿಶಾಲ ಕಾಣುತ್ತದೆ, ಕೈ ಕೈ ಹಿಡಿದ ಜೋಡಿ ಒಂದು ಹೆಜ್ಜೆ ಮುಂದಿಟ್ಟರೆ ಹಿಂದಿರುಗುವ ದಾರಿ ಹೇಗೆ ಮುಚ್ಚುತ್ತದೆ. ಅರ್ಧ ನಿಮಿಷದ ರೈಡು ಮೂವತ್ತು ಪುಟ ಹಿಡಿದರೂ ನನಗೆ ಅಡ್ಡಿಯಿಲ್ಲ. ಪಾದ ಸಿಕ್ಕಿಬಿದ್ದು, ಗೆರೆ ಒಂದು ಮೊಳ ದೂರವಿದ್ದು, ಉಸಿರು ಮುಗಿಯುತ್ತಿರುವವನಿಗೆ ಆ ಸೆಕೆಂಡುಗಳು ನಿಜಕ್ಕೂ ಅಷ್ಟೇ ಉದ್ದ. ಕಾಲವನ್ನು ಹಿಗ್ಗಿಸುವುದು ಸುಳ್ಳಲ್ಲ, ಒಳಗಿನಿಂದ ನೋಡುವುದು.

ಆದರೂ ಅದು ಜಪಾನಿನ ಶಾಲೆಯ ಕಬಡ್ಡಿ. ಮ್ಯಾಟು, ಜಿಮ್, ಸಮವಸ್ತ್ರ, ಶಿಸ್ತು. ಮಳೆ ಬಂದು ಸುಣ್ಣದ ಗೆರೆ ಅಳಿಸಿಹೋದಾಗ ಮತ್ತೆ ಎಳೆಯುವ ಗೆರೆ ನಾಲ್ಕು ಬೆರಳು ಆಚೆಗೆ ಹೋಯಿತೆಂಬ ಜಗಳ ಅಲ್ಲಿಲ್ಲ. ರೈಡರಿನ ದಮ್ಮು ಮುರಿಯಿತೋ ಇಲ್ಲವೋ ಎಂದು ಪಟಾಕಿ, ತಮಟೆಗಳ ನಡುವೆ ತೀರ್ಪುಗಾರ ಬಗ್ಗಿ ಕಿವಿಗೊಡುವ ಪಾಡೂ ಇಲ್ಲ.

ಹಾಗಾದರೆ ನಮ್ಮವರು ಏನು ಮಾಡಿದರು? ಆಟವನ್ನೇ ನಂಬಿ ವರ್ಷಗಟ್ಟಲೆ ನಡೆಯುವ ಚಿತ್ರಕತೆಯ ಪರಂಪರೆ ಕನ್ನಡದಲ್ಲಿ ಬೆಳೆಯಲಿಲ್ಲ. ಪುರಾಣ, ಇತಿಹಾಸ, ಪತ್ತೇದಾರಿಯ ಚಿತ್ರಪುಟಗಳು ಮಕ್ಕಳ ಕೈಗೆ ಬಂದವು, ಆಟ ಮಾತ್ರ ಪತ್ರಿಕೆಯ ಕೊನೆಯ ಪುಟದ ವರದಿಯಾಗಿ ಉಳಿಯಿತು. ಆ ಜಾಗವನ್ನು ಸಿನಿಮಾ ತುಂಬಿತು. ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಹಳ್ಳಿಯ ಹುಡುಗನೊಬ್ಬ ಓಟಗಾರನಾಗುವ ಕತೆ, ಇಂದಿಗೂ ಹೃದಯಕ್ಕೆ ಹತ್ತಿರ. ನರೇಂದ್ರ ಬಾಬು 2009ರಲ್ಲಿ ‘ಕಬಡ್ಡಿ’ ಎಂದೇ ಹೆಸರಿಟ್ಟು ಚಿತ್ರ ಮಾಡಿದರು. 2019ರ ‘ಪೈಲ್ವಾನ್’ನಲ್ಲಿ ಕುಸ್ತಿಯವನು ಬಾಕ್ಸಿಂಗ್ ರಿಂಗಿಗೆ ಹೋಗುತ್ತಾನೆ, ಅಲ್ಲಿ ಗರಡಿಯ ಮಣ್ಣಿಗಿಂತ ನಾಯಕನ ಮೈಕಟ್ಟಿಗೆ ಕ್ಯಾಮೆರಾ ಹೆಚ್ಚು ಸೋತಿದೆ. ನನ್ನ ಕಣ್ಣಿನಲ್ಲಿ ಇವೆಲ್ಲಕ್ಕಿಂತ ನಿಜವಾದ ಕ್ರೀಡಾಕತೆ ಬಹಳ ಹಳೆಯದು, ಅದೂ ಇಂಗ್ಲಿಷಿನಲ್ಲಿ ಬರೆದದ್ದು: ಮೈಸೂರಿನ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935). ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ಚಿತ್ರಿಸಿದರು. ಇಡೀ ಕತೆ ಒಂದು ಕ್ರಿಕೆಟ್ ಪಂದ್ಯದ ಕಡೆಗೆ ನಡೆಯುತ್ತದೆ, ಆದರೆ ಮುಖ್ಯ ಬೌಲರ್ ಸ್ವಾಮಿ ಆ ಪಂದ್ಯಕ್ಕೆ ಬರುವುದೇ ಇಲ್ಲ. ಮನೆ ಬಿಟ್ಟು ಓಡಿ ಕಾಡಿನಲ್ಲಿ ದಾರಿ ತಪ್ಪಿರುತ್ತಾನೆ. ತಂಡ ಸೋಲುತ್ತದೆ, ಗೆಳೆಯ ರಾಜಂ ಮಾತು ಬಿಡುತ್ತಾನೆ. ಯಾವ ಮಾಂಗಾಕಾರನಿಗೂ ಈ ಧೈರ್ಯ ಬಂದದ್ದನ್ನು ನಾನು ಕಂಡಿಲ್ಲ.

ರಾಮದೇವರ ಬೆಟ್ಟದ ಬಂಡೆಗಳ ನಡುವೆ ತಯಾರಾದ ‘ಶೋಲೆ’ (1975) ಕ್ರೀಡೆಯ ಚಿತ್ರವಲ್ಲ, ಆದರೆ ಅದರ ನಾಣ್ಯ ಚಿಮ್ಮುವ ಆಟವನ್ನು ರಾಮನಗರದವರು ಮರೆತಿಲ್ಲ. ಜೈ ಪ್ರತಿ ಸಲವೂ ಟಾಸ್ ಗೆಲ್ಲುತ್ತಾನೆ. ನಾಣ್ಯದ ಎರಡೂ ಬದಿಗೆ ಒಂದೇ ಮುಖವೆಂದು ಗೊತ್ತಾಗುವಾಗ ಅವನು ಸತ್ತಿರುತ್ತಾನೆ. ಮೋಸದ ಟಾಸನ್ನು ಪ್ರೇಕ್ಷಕ ಕ್ಷಮಿಸಿದ್ದು ಜೈ ಅದರ ಬೆಲೆ ಕೊಟ್ಟಿದ್ದರಿಂದ.

ನಿಜವೇ ಕೆಲವೊಮ್ಮೆ ಕತೆಯನ್ನು ಮೀರುವುದೂ ಉಂಟು. 2020ರ ಫೆಬ್ರುವರಿ 1ರಂದು ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಿಸಿ 100 ಮೀಟರಿಗೆ 9.55 ಎಂದರು, ದೇಶವೆಲ್ಲ ಉಸೇನ್ ಬೋಲ್ಟ್ ಎಂದು ಕೂಗಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸಿದರು. ಗೌಡರು ಹೋಗಲಿಲ್ಲ. ಕೆಸರುಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ, ಗದ್ದೆಯ ವೇಗದಲ್ಲಿ ಕೋಣದ ಪಾಲೂ ಇದೆ. ಓಡಿದವರೇ ಉತ್ಪ್ರೇಕ್ಷೆಗೆ ಒಪ್ಪಲಿಲ್ಲ! ಹಿಂದಿನ ವರ್ಷ, 2019ರ ಅಕ್ಟೋಬರ್‌ನಲ್ಲಿ, ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ಗಳಿಸಿದ್ದರು. ಮಾಂಗಾದಲ್ಲಿ ಬರೆದಿದ್ದರೆ ಸಂಪಾದಕ ಅರ್ಧಕ್ಕೆ ಇಳಿಸು ಎನ್ನುತ್ತಿದ್ದ. ಆದರೆ ಶೀಟಿನಲ್ಲಿದೆ.

ಈ ಸೀಮೆಯ ಕಬಡ್ಡಿಯನ್ನು ಚಿತ್ರಕತೆಯಾಗಿಸುವವರಿಗೆ ಹಾರಾಟಕ್ಕೆ ಕೊರತೆಯಾಗದು. ತೊಗಲು ಗೊಂಬೆಯ ಭೀಮನಿದ್ದಾನೆ, ಮೈಕಿನವನಿದ್ದಾನೆ. ಕಷ್ಟವಿರುವುದು ಶೀಟಿನ ಕಡೆಯದನ್ನು ಬರೆಯುವಲ್ಲಿ. ಜಪಾನಿನ ಕತೆಯ ತುದಿ ರಾಷ್ಟ್ರೀಯ ಶಾಲಾ ಟೂರ್ನಿ, ಅಲ್ಲಿ ಗೆದ್ದರೆ ಮುಗಿಯಿತು. ಮಾಗಡಿಯ ಅಥವಾ ಕನಕಪುರದ ಹುಡುಗನ ತುದಿ ಬೇರೆ: ಪೊಲೀಸು, ರೈಲ್ವೆ, ಬ್ಯಾಂಕುಗಳ ಕ್ರೀಡಾ ಕೋಟಾ. ಅರ್ಜಿಗೆ ಲಗತ್ತಿಸುವ ಪ್ರಮಾಣಪತ್ರ ಯಾವ ಮಟ್ಟದ್ದು, ವಯಸ್ಸಿನ ಮಿತಿ ಇನ್ನೆಷ್ಟು ತಿಂಗಳು, ಮೊಣಕಾಲಿನ ಲಿಗಮೆಂಟು ಹರಿದರೆ ಆಪರೇಷನ್ ಖರ್ಚು ಯಾರದು, ಅಷ್ಟರಲ್ಲಿ ಮನೆಯವರು ರೇಷ್ಮೆ ಹುಳು ಮನೆಯ ಕೆಲಸಕ್ಕೆ ಕೂಗಿದರೆ ಅಭ್ಯಾಸ ಯಾವಾಗ. ಇವನ್ನು ಸರಿಯಾಗಿ ಬರೆದವನು ಕೊನೆಯ ರೈಡಿನಲ್ಲಿ ನಾಯಕನನ್ನು ಏಳು ಜನರ ತಲೆಯ ಮೇಲಿಂದ ಹಾರಿಸಿ ಗೆರೆ ಮುಟ್ಟಿಸಿದರೂ ನನ್ನ ತಕರಾರಿಲ್ಲ. ಹಾರುವಾಗ ಅಂಕಣದ ಹೊರಗೆ ಕಾಲಿಟ್ಟನೋ ಇಲ್ಲವೋ ಎಂಬುದನ್ನು ಮಾತ್ರ ತೋರಿಸಬೇಕು.